ಮೋಟರಿನ ಷಡ್ಜ

ಮಲಯಾಳ ಸೀಮೆಯ ಪನಮರಂ ಪೇಟೆಯ ಹಿಟ್ಟಿನ ಮಿಲ್ಲಿನಲ್ಲಿ ಪ್ರೇಮಲತಾ ಕೆಲಸಕ್ಕೆ ಸೇರಿ ಹದಿನೇಳು ವರ್ಷವಾಗಿತ್ತು. ಜನ ತಂದ ಚೀಲ ಇಳಿಸಿಕೊಳ್ಳುವುದು, ಜರಡಿ ಹಿಡಿಯುವುದು, ಹಿಟ್ಟು ತುಂಬಿ ಚೀಲದ ಬಾಯಿ ಕಟ್ಟುವುದು, ಇಷ್ಟೇ ಕೆಲಸ. ಬೆಳಿಗ್ಗೆ ಮೂಗು ಬಾಯಿ ಮುಚ್ಚಿ ಬಟ್ಟೆ ಕಟ್ಟಿಕೊಂಡರೆ ಸಂಜೆ ಐದಕ್ಕೇ ಬಿಚ್ಚುವುದು. ಅಷ್ಟು ಹೊತ್ತಿಗೆ ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲು ಎಲ್ಲ ಬೆಳ್ಳಗಾಗಿ, ನಲವತ್ತೊಂದರ ಹೆಂಗಸು ಅರವತ್ತರವಳಂತೆ ಕಾಣುತ್ತಿದ್ದಳು. ಮೈಗೂ ಆಗ ಅರವತ್ತೇ ಆಗಿರುತ್ತಿತ್ತು.

ಮಿಲ್ಲಿನಲ್ಲಿ ಒಂದು ಅನುಕೂಲವಿತ್ತು. ಮೋಟರು ಓಡುವಾಗ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. ಹಾಗಾಗಿ ಅವಳು ಬಟ್ಟೆಯ ಹಿಂದೆ ಹಾಡಿಕೊಳ್ಳುತ್ತಿದ್ದಳು. ಮನೆಯಲ್ಲಿ ಬಾಯಿ ಬಿಡಲು ನಾಚಿಕೆ. ಗಂಡ ಶಾಂತರಾಜು ಲಾರಿ ಹತ್ತಿದರೆ ವಾರಕ್ಕೊಮ್ಮೆ ಬರುವವನು. ಅತ್ತೆ ನಿಂಗಮ್ಮನ ಕಿವಿ ಮಾತ್ರ ಎಪ್ಪತ್ತೆಂಟರಲ್ಲೂ ಚುರುಕು.

ಒಂದೂವರೆ ವರ್ಷದ ಹಿಂದೆ ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಮೋಟರು ನಿಂತಿತು, ಅವಳ ಹಾಡು ನಿಲ್ಲಲಿಲ್ಲ. ಗೋಧಿ ಬೀಸಿಸಲು ಬಂದಿದ್ದ ಕಾರ್ತ್ಯಾಯನಿ ಟೀಚರ್ ತಿರುಗಿ ನೋಡಿದರು. ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು, ಮನೆಯಲ್ಲಿ ಪಾಠ ಹೇಳುತ್ತಿದ್ದರು. ಪ್ರೇಮಲತಾ ನಾಚಿ ಚೀಲದ ಮರೆಗೆ ಸರಿದಳು. ಟೀಚರ್ ಹಿಟ್ಟಿನ ಡಬ್ಬ ಎತ್ತಿಕೊಳ್ಳುತ್ತಾ, "ಭಾನುವಾರ ಹತ್ತಕ್ಕೆ ನನಗೆ ಬಿಡುವಿದೆ, ಬಾ" ಎಂದರು. ಮಲಯಾಳಂ ಭಾಷೆಯಲ್ಲಿ ಅವರು ಹೇಳಿದ್ದು ಅಷ್ಟೇ. ಅಂದಿನಿಂದ ಆ ಒಂದು ಗಂಟೆ ಅವಳದಾಯಿತು. ವಾರದಲ್ಲಿ ಅವಳದೆಂದು ಹೇಳಿಕೊಳ್ಳುವಂಥದ್ದು ಬೇರೇನೂ ಇರಲಿಲ್ಲ.

ಆ ಗಂಟೆಗೆ ಅವಳು ಮಾಡಿಕೊಳ್ಳುತ್ತಿದ್ದ ತಯಾರಿ ಮದುವೆ ಮನೆಯ ತಯಾರಿಗಿಂತ ಕಡಿಮೆಯದಲ್ಲ. ಕ್ಯಾಲೆಂಡರ್ ಹಾಳೆಯ ರಟ್ಟು ಹಾಕಿದ ನೋಟ್‌ಬುಕ್ಕಿನಲ್ಲಿ ಪಾಠವನ್ನು ಕನ್ನಡದಲ್ಲಿ ಎರಡು ಸಲ ಬರೆಯುವುದು. ಶನಿವಾರ ಮೊಸರು, ಕರಿದದ್ದು ಮುಟ್ಟದೆ ಬಿಸಿ ಜೀರಿಗೆ ನೀರು ಕುಡಿಯುವುದು. ಭಾನುವಾರ ಅರ್ಧ ಗಂಟೆ ಮುಂಚೆಯೇ ಹೋಗಿ ಟೀಚರ್ ಮನೆಯ ಮುಂದಿನ ಬಸ್ ಸ್ಟಾಪಿನಲ್ಲಿ ಕುಳಿತು, ಗಂಟಲಿನ ಹಿಟ್ಟೆಲ್ಲ ಹೋಗುವ ತನಕ ಕೆಮ್ಮಿ ಮುಗಿಸುವುದು.

ದಿನವೂ ಶ್ರುತಿಯ ಜೊತೆ ಸಾಧನೆ ಮಾಡು ಎಂದು ಟೀಚರ್ ಅವಳ ಫೋನಿಗೆ ತಂಬೂರಿಯ ಆ್ಯಪ್ ಹಾಕಿಸಿದ್ದರು. ಮಿಲ್ಲಿನಲ್ಲಿ ಅದು ಕೇಳದು, ಮನೆಯಲ್ಲಿ ಹಾಡಲಾಗದು. ಆದರೆ ಅವಳೇ ಒಂದು ದಾರಿ ಕಂಡುಕೊಂಡಿದ್ದಳು. ಫೋನನ್ನು ಕಿವಿಗೊತ್ತಿ ನೋಡಿದರೆ, ಮೋಟರಿನ ಗುಂಯ್‌ಗುಡುವಿಕೆಯೂ ತಂಬೂರಿಯ 'ಸ'ವೂ ಒಂದೇ! ಮಿಷನ್ನಿನ ಬಾಯಿ ಬರಿದಾದ ಕೂಡಲೇ ಆ ನಾದ ತಿಳಿಯಾಗಿ ಕೇಳುತ್ತಿತ್ತು. ಆಗ ಹಿಡಿದರೆ ಉಸಿರು ಮುಗಿಯುವ ತನಕ 'ಸ'. ದಿನಕ್ಕೆ ನಲವತ್ತು ಸಲ, ಐವತ್ತು ಸಲ. ಇಷ್ಟು ಸಾಧನೆ ಟೀಚರ ಯಾವ ಶಿಷ್ಯೆಯೂ ಮಾಡುತ್ತಿರಲಾರಳು ಎಂದು ಒಳಗೊಳಗೇ ಒಂದು ಹೆಮ್ಮೆ.

ಆ ಭಾನುವಾರ ಟೀಚರ್ ಕನ್ನಡಕ ತೆಗೆದಿಟ್ಟರು.

"ಪ್ರೇಮಾ, ಸ ಹಿಡಿ. ನಾನು ಬೆರಳು ಮಡಚಿ ಎಣಿಸ್ತೀನಿ."

ಎಂಟನೆಯ ಬೆರಳಿಗೆ ಸ್ವರ ಜಾರಿತು. ಮತ್ತೆ ಹಿಡಿದಳು. ಮತ್ತೆ ಎಂಟಕ್ಕೇ ಜಾರಿತು.

"ಶುರುವಿನಲ್ಲಿ ಕಲ್ಲಿನ ಹಾಗೆ ನಿಲ್ತೀಯ. ಆಮೇಲೆ ಯಾರೋ ಕಾಲು ಹಿಡಿದು ಎಳೆದ ಹಾಗೆ ಇಳೀತೀಯ. ಮನೆಯಲ್ಲಿ ಹಾಡ್ತೀಯೋ ಇಲ್ಲವೋ?"

"ದಿನಾ ಹಾಡ್ತೀನಿ ಟೀಚರ್."

ಟೀಚರ್ ನಂಬಲಿಲ್ಲ. "ನನಗೂ ವಯಸ್ಸಾಯ್ತು. ಆತಿರ ಅನ್ನೋ ಹುಡುಗಿಯ ಅಮ್ಮ ಭಾನುವಾರದ ಹೊತ್ತು ಬೇಕು ಅಂತ ದಿನಾ ಫೋನ್ ಮಾಡ್ತಾಳೆ, ಹುಡುಗಿ ಚುರುಕು. ಇನ್ನು ಎರಡು ಭಾನುವಾರ ನೋಡ್ತೀನಿ. ಸ ನಿಲ್ಲದಿದ್ದರೆ ಈ ಗಂಟೆ ಅವಳಿಗೆ."

ಸೋಮವಾರದಿಂದ ಪ್ರೇಮಲತಾ ಊಟದ ಬಿಡುವನ್ನೂ ಬಿಟ್ಟಳು. ಐವತ್ತು ಸಲ ಹಾಡುತ್ತಿದ್ದವಳು ಎಂಬತ್ತು ಸಲ ಹಾಡಿದಳು. ಸಂಜೆ ಮನೆಗೆ ಬಂದರೆ ನೀರು ಕೊಡಿ ಎನ್ನಲೂ ದನಿಯಿಲ್ಲ. ಮುಂದಿನ ಭಾನುವಾರ ಸ್ವರ ಏಳಕ್ಕೇ ಜಾರಿತು. ಟೀಚರ್ ಬೈಯಲೂ ಇಲ್ಲ, ಕಿಟಕಿಯ ಕಡೆ ನೋಡಿದರು. ಬೈದಿದ್ದರೇ ಚೆನ್ನಾಗಿತ್ತು.

ಬುಧವಾರ ಮೋಟರಿನ ಮುಂದೆ ನಿಂತಾಗ ಹಾಡುವ ಮನಸ್ಸೇ ಇರಲಿಲ್ಲ. ಅಭ್ಯಾಸಬಲದಿಂದ ಬಾಯಿ ತೆರೆಯಿತು. ಮಿಲ್ಲು ಓಡಿಸುವ ಶಿಬು ಹೊಸ ಜರಡಿ ಕೂರಿಸಿ, ಸರಿಯಿದೆಯೇ ಎಂದು ಮಿಷನ್ನನ್ನು ಬರಿದೇ ಬಿಟ್ಟಿದ್ದ. ಎಂಟು ಕಳೆಯಿತು. ಹತ್ತು, ಹನ್ನೆರಡು. ಸ್ವರ ಅಲ್ಲಾಡಲಿಲ್ಲ. ಅವಳು ಕಣ್ಣು ತೆರೆದಳು. ಮತ್ತೆ ಉಸಿರು ತುಂಬಿ ಹಿಡಿಯುವಷ್ಟರಲ್ಲಿ ಶಿಬು ಬಗ್ಗಿ, ಗೋಧಿ ಚೀಲ ಹೆಗಲಿಗೇರಿಸಿ, ಮೆಟ್ಟಿಲು ಹತ್ತಿ ಸುರಿದ. ಮೋಟರಿನ ಸದ್ದು ಹಾಗೇ ಕೆಳಗಿಳಿಯಿತು. ಅವಳ 'ಸ'ವೂ ಅದರ ಕೈ ಹಿಡಿದುಕೊಂಡೇ ಇಳಿಯಿತು.

ಅವಳು ಚೀಲದ ಮೇಲೆ ಕುಳಿತುಬಿಟ್ಟಳು. ಅವಳನ್ನು ಅಕ್ಕನೆಂದೇ ಕರೆಯುವ ಶಿಬು ಮಿಷನ್ ನಿಲ್ಲಿಸಿ ಓಡಿಬಂದ.

"ಎಂತ ಚೇಚಿ, ತಲೆ ಸುತ್ತಿತಾ?"

"ಕಾಳು ಸುರಿದ್ರೆ ಮೋಟರಿನ ಸದ್ದು ಇಳೀತದಾ ಶಿಬು?"

"ಇದೆಂಥ ಚೋದ್ಯ? ಭಾರ ಬಿದ್ರೆ ಇಳಿಯದೆ ಇರ್ತದಾ? ಬೆಲ್ಟೂ ಹಳೇದು. ನಿಮ್ಮ ತಲೆ ಮೇಲೆ ಐವತ್ತು ಕಿಲೋ ಇಟ್ರೆ ನೀವು ಕುಣ್ಕೊಂಡು ಹೋಗ್ತೀರಾ?"

ಅವಳಿಗೆ ನಗು ಬರಲಿಲ್ಲ. ಶಿಬು ಚೀಲ ಎತ್ತಿ ಸುರಿಯುವುದಕ್ಕೆ ಎಂಟು ಎಣಿಸುವಷ್ಟು ಹೊತ್ತು. ದಿನಕ್ಕೆ ಐವತ್ತು ಸಲ, ಒಂದೂವರೆ ವರ್ಷ. ಹಾಡದೆ ಸುಮ್ಮನಿದ್ದಿದ್ದರೂ ಇಷ್ಟು ಕೆಡುತ್ತಿರಲಿಲ್ಲ. ತಪ್ಪನ್ನೇ ಅವಳು ಅಷ್ಟು ನಿಷ್ಠೆಯಿಂದ, ಜೀರಿಗೆ ನೀರು ಕುಡಿದು, ಕಲಿತಿದ್ದಳು.

ಉಳಿದದ್ದು ನಾಲ್ಕು ದಿನ. ಅಂದು ಸಂಜೆ ಅಡುಗೆಮನೆಯಲ್ಲಿ ಫೋನನ್ನು ಅಕ್ಕಿ ಡಬ್ಬದ ಮೇಲಿಟ್ಟು, ಗೋಡೆಗೆ ಮುಖ ಮಾಡಿ, ಮದುವೆಯಾಗಿ ಬಂದ ಮೇಲೆ ಮೊದಲ ಸಲ ಆ ಮನೆಯಲ್ಲಿ ದನಿ ತೆಗೆದಳು. ಹೊಸ್ತಿಲ ಬಳಿ ಅವರೆಕಾಯಿ ಸುಲಿಯುತ್ತಿದ್ದ ನಿಂಗಮ್ಮ ಸ್ವಲ್ಪ ಹೊತ್ತು ತಡೆದುಕೊಂಡರು.

"ಅದೇನಮ್ಮೀ, ಎಮ್ಮೆ ಕರ ಕರದಂಗೆ ಒಂದೇ ಎಳೀತಿದ್ದೀಯ? ಮುಂದ್ಕೆ ಹಾಡು ಇಲ್ವಾ?"

"ಇದೇ ಸರಿಯಾಗಿಲ್ಲ ಅತ್ತೆ. ನಡುವೆ ಜಾರ್ತದೆ."

"ಅದ್ನ ನೀನು ಹೇಳ್ಬೇಕಾ? ಈಗ್ತಾನೆ ಜಾರ್ತಲ್ಲ."

"ಎಲ್ಲಿ ಅತ್ತೆ?"

"ನಾ ಈ ಕಾಯಿ ಬಿಡಿಸ್ದಾಗ. ಇನ್ನೊಂದ್ಸಲ ಎಳಿ, ಹೇಳ್ತೀನಿ."

ಶನಿವಾರದವರೆಗೂ ಹಾಗೇ ನಡೆಯಿತು. ಜಾರಿದಾಗಲೆಲ್ಲ ನಿಂಗಮ್ಮ ಒಂದು ಅವರೆ ಸಿಪ್ಪೆಯನ್ನು ಸೊಸೆಯ ಬೆನ್ನಿಗೆ ಎಸೆಯುತ್ತಿದ್ದರು. ಮೊದಲ ಸಂಜೆ ಗುಡಿಸಿದ ಸಿಪ್ಪೆ ಮೊರದ ತುಂಬ ಇತ್ತು. ಶನಿವಾರ ಒಂದು ಹಿಡಿಗೆ ಬಂದಿತ್ತು, ಬರಿದಾಗಿರಲಿಲ್ಲ.

ಭಾನುವಾರ ಪ್ರೇಮಲತಾ ಕುಳಿತ ಕೂಡಲೇ ಮಿಲ್ಲಿನ ವಿಷಯ ಹೇಳಿಬಿಟ್ಟಳು. ನೆಲ ನೋಡುತ್ತಲೇ ಹೇಳಿದಳು.

"ಒಂದೂವರೆ ವರ್ಷ? ದಿನಾ?"

"ದಿನಾ ಟೀಚರ್."

"ಹಿಡಿ ನೋಡೋಣ."

ಎಂಟನೆಯ ಬೆರಳು ಮಡಚಿತು. ಬೆನ್ನಿನ ಮೇಲೆ ಸಿಪ್ಪೆ ಬಿದ್ದಂತಾಯಿತು, ಸ್ವರ ಜಾರಲಿಲ್ಲ. ಒಂಬತ್ತು, ಹತ್ತು; ಉಸಿರು ಮುಗಿದೇ ನಿಂತಿತು. ಎರಡನೆಯ ಸಲ ಎಂಟಕ್ಕೆ ಜಾರಿತು. ಮೂರನೆಯ ಸಲ ಜಾರಲು ಹೋಗಿ, ತಡವರಿಸಿ, ಮೇಲೆ ಬಂತು. ಟೀಚರ್ ಆ ಮೂರನೆಯದಕ್ಕೆ ತಲೆದೂಗಿದರು.

"ಬರೆದದ್ದೆಲ್ಲ ಮುಚ್ಚಿಡು. ವರಸೆ ಬೇಡ, ಗೀತೆ ಮಾತೇ ಬೇಡ. ಮೂರು ತಿಂಗಳು ಸ ಒಂದೇ. ಕಟ್ಟಿದ್ದನ್ನು ಕೆಡವಿ ಮತ್ತೆ ಕಟ್ಟಬೇಕು, ಆಗ್ತದಾ?"

"ಆಗ್ತದೆ ಟೀಚರ್." ಸುಸ್ತಾಗಿ ಹೇಳಿದಳು. ಆಮೇಲೆ ಮೆಲ್ಲಗೆ, "ಈ ಗಂಟೆ?"

"ಆತಿರ ಶನಿವಾರ ಬರಲಿ. ದಿನಾ ತಪ್ಪು ಹಾಡೋಕೆ ಇಷ್ಟು ಕಷ್ಟಪಟ್ಟವಳನ್ನ ನಾನು ಎಲ್ಲಿಗೆ ಕಳಿಸಲಿ?"

ಸೋಮವಾರ ಎಂಟೂವರೆಗೆ ಅವಳು ಮಿಲ್ಲಿಗೆ ಬಂದು ಬಟ್ಟೆ ಕಟ್ಟಿಕೊಂಡಳು. ಮೋಟರು ತನ್ನ 'ಸ' ಹಿಡಿಯಿತು. ಶಿಬು ಬಗ್ಗಿ ಚೀಲ ಎತ್ತಿದ. ಪ್ರೇಮಲತಾ ಬಾಯಿ ತೆರೆಯಲಿಲ್ಲ, ಜರಡಿ ಹಿಡಿದು ಮನಸ್ಸಿನಲ್ಲೇ ಎಣಿಸಿದಳು. ಎಂಟಕ್ಕೆ ಕಾಳು ಬಿತ್ತು, ಮೋಟರು ಇಳಿಯಿತು. ಅವಳು ಇಳಿಯದೆ ಒಂಬತ್ತಕ್ಕೆ ಹೋದಳು.