ನವಣೆಯ ಮೊದಲ ಹಿಡಿ

ಸಗಣಿಯಿಂದ ಮೆತ್ತಿದ ಮಡಕೆಯ ಬಾಯನ್ನು ಒಡೆದಾಗ ಬೂದಿಯ, ಒಣಗಿದ ಬೇವಿನೆಲೆಯ ವಾಸನೆಯೊಂದು ಏಳುತ್ತದೆ. ನಮ್ಮ ಕಾಲದವರು ಅದನ್ನು ಬಲ್ಲರು. ಈ ಮುಂಗಾರಿನಲ್ಲಿ ಅಜ್ಜಂಪುರದ ಬಳಿಯ ನಮ್ಮ ಹೊಲದ ಬದುವಿನಲ್ಲಿ, ವಿಶ್ವವಿದ್ಯಾಲಯದ ಹುಡುಗಿಯೊಬ್ಬಳು ಅಂಥ ಮಡಕೆಯನ್ನು ಒಡೆದಳು. ನನಗೆ ಸೋದರತ್ತೆ ಪುಟ್ಟತಾಯಮ್ಮ ಎದುರು ನಿಂತಂತಾಯಿತು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ್ದ ಅತ್ತೆ, ಕೊಯ್ಲಿಗೆ ಮುಂಚೆಯೇ ಹೊಲದಲ್ಲಿ ನಡೆದು ಕೆಂಪು ನವಣೆಯ ತುಂಬು ತೆನೆಗಳನ್ನು ಆರಿಸುತ್ತಿದ್ದಳು. ಉಜ್ಜಿ, ಬೂದಿ ಬೆರೆಸಿ, ವರ್ಷವಿಡೀ ಬೀಜವನ್ನು ಕಾಯುತ್ತಿದ್ದಳು. ಬಿತ್ತನೆಯ ದಿನ ಮಾತ್ರ ಕೂರಿಗೆಯ ಬಟ್ಟಲಿಗೆ ಮೊದಲ ಹಿಡಿ ಹಾಕುವ ಕೈ ಮುತ್ತೈದೆಯದೇ ಆಗಬೇಕಿತ್ತು. "ಅಕ್ಕ, ಬೇಜಾರ್ ಮಾಡ್ಕೋಬೇಡ, ಸ್ವಲ್ಪ ಮರೇಲಿ ನಿಂತ್ಕೋ" ಎನ್ನುತ್ತಿದ್ದ ಚಿಕ್ಕಪ್ಪ. ಅತ್ತೆ ಹೊಲದಂಚಿನ ನಮ್ಮ ಮನೆಯ ಬಾಗಿಲ ಸಂದಿಯಲ್ಲಿ ನಿಂತು ನನ್ನ ಕಿವಿಯಲ್ಲಿ, "ವರ್ಷೆಲ್ಲಾ ಕಾಯೋಕೆ ಬೇಕು, ಇವತ್ತೊಂದಿನ ಕೆಟ್ಟೋಳಾದ್ನಾ? ನವಣೆಗೇನು ಗೊತ್ತಾಯ್ತದೇನೇ ನನ್ ಕೊರಳಲ್ಲಿ ತಾಳಿ ಇಲ್ಲ ಅಂತ?" ಎಂದು ನಗುತ್ತಿದ್ದಳು. ಎದುರಾಡದೆ ನಕ್ಕು ಸುಮ್ಮನಾದ ಆ ನಗುವನ್ನು ನಾನು ಕ್ಷಮಿಸಿದ್ದೇನೆ, ಚಿಕ್ಕಪ್ಪನ ಮಾತನ್ನಲ್ಲ.

ಅತ್ತೆ ಹೋದ ಮೇಲೆ ಚಿಕ್ಕಪ್ಪ ನವಣೆಯನ್ನೇ ಕೈಬಿಟ್ಟ. ಅವಳು ಎಂದೋ ಸೆರಗಿನಲ್ಲಿ ಕಟ್ಟಿ ದೇವನೂರಿನ ಗೆಳತಿಗೆ ಕೊಟ್ಟಿದ್ದ ಬೀಜ ಮಾತ್ರ ಆ ಗೆಳತಿಯ ಮನೆಯಲ್ಲಿ ಉಳಿದಿತ್ತು. ವಿಶ್ವವಿದ್ಯಾಲಯದವರೂ ಊರಿನ ಮಹಿಳಾ ಸಂಘದವರೂ ಸೇರಿ ಅದನ್ನು ಹುಡುಕಿ, ಬೆಳೆದು ಹೆಚ್ಚಿಸಿ, ತುಂಡು ಭೂಮಿಯ ರೈತರಿಗೆ ಹಂಚಲು ತಂದಿದ್ದರು. ಮೊದಲ ಬಿತ್ತನೆ ಈಗ ಚಿಕ್ಕಪ್ಪನ ಮಗ ರುದ್ರೇಶನ ಪಾಲಿಗೆ ಬಂದಿರುವ ನಮ್ಮ ಹಳೆಯ ಹೊಲದಲ್ಲೇ. ಹುಡುಗಿ ಮೊರವನ್ನು ನನ್ನತ್ತ ಚಾಚಿ, "ಅಜ್ಜಿ, ನಿಮ್ಮತ್ತೆಯ ಬೀಜ, ನೀವೇ ಹಾಕಿ" ಎಂದಳು. ರುದ್ರೇಶ ನನ್ನ ಬರಿ ಹಣೆಯನ್ನು ನೋಡಿ ತಗ್ಗಿದ ದನಿಯಲ್ಲಿ, "ಅಕ್ಕ, ಬೇಜಾರ್ ಮಾಡ್ಕೋಬೇಡ, ಸ್ವಲ್ಪ ಮರೇಲಿ ನಿಂತ್ಕೋ" ಎಂದ.

"ನಿಮ್ಮಪ್ಪನ ಮಾತನ್ನ ಒಂದಕ್ಷರ ಬಿಡ್ದೆ ಒಪ್ಪಿಸ್ದಲ್ಲೋ! ಮರೆಗೆ ನಿಲ್ಲೋಣ ಅಂದ್ರೆ ಆ ಬಾಗ್ಲೂ ಈಗಿಲ್ಲ ಕಣೋ. ಹಿಡ್ಕೋ ಕೂರಿಗೆ."

ಸಂಘದ ಹೆಂಗಸರು ಕಿಸಕ್ಕನೆ ನಕ್ಕರು. ರುದ್ರೇಶ ಹಿಡಿದುಕೊಂಡ. "ಎಲ್ಲಿಂದ ಶುರು ಮಾಡ್ಲಿ?" ಎಂದು ಕೇಳಿದ. ಹೊಲದಂಚಿನ ನಮ್ಮ ಮನೆ ಬಿದ್ದು, ಅಲ್ಲೀಗ ಪಂಪ್‌ಸೆಟ್ಟಿನ ಗೂಡಿದೆ. ಆ ಮನೆಯ ಬಾಗಿಲ ಸಂದಿಯಿಂದ ಅತ್ತೆಗೆ ಹೊಲವೆಲ್ಲ ಕಾಣುತ್ತಿರಲಿಲ್ಲ. ಹುಣಸೆಮರದ ಕೆಳಗಿನ ಒಂದು ಮೂಲೆಯಷ್ಟೇ ಕಾಣುತ್ತಿತ್ತು. ನಾನು ಆ ಮೂಲೆಯನ್ನು ತೋರಿಸಿದೆ.