ತಲೆಯ ಮೇಲಿಂದ ಕಿವಿ ಮುಟ್ಟುವುದು

ತೊಂಬತ್ತರ ದಶಕದ ನಡುವಿನ ಆ ವರ್ಷದ ಡೈರಿ ಈಗಲೂ ನನ್ನ ಬಳಿ ಇದೆ. ಗುರುವಾರಗಳ ಪುಟಗಳಲ್ಲೆಲ್ಲ ಒಂದೇ ಬಗೆಯ ಬರಹ: ಶ್ರೀರಂಗಪಟ್ಟಣದಿಂದ ಅರಕೆರೆ ಬಸ್ಸು ಹೊರಟ ಹೊತ್ತು, ಅಲ್ಲಿಂದ ನಾಲೆಯ ಏರಿಯ ಮೇಲೆ ನಡೆದದ್ದು, ಅಲ್ಲಿನ ಒಂದು ಮನೆಯ ಮಗುವಿನ ಬಲಗೈ ಆ ದಿನ ಎಲ್ಲಿಯವರೆಗೆ ಏರಿತು ಎನ್ನುವುದು. ಭುಜ. ಗಲ್ಲ. ಹಣೆ. ಕೈಯ ಏರಿಕೆಯನ್ನು ಇಷ್ಟು ಶ್ರದ್ಧೆಯಿಂದ ಬರೆದವಳು ಆ ಮನೆಯವರು ಆಡಿದ ಮಾತುಗಳನ್ನು ಬರೆದಿಟ್ಟಿಲ್ಲ. ಅವು ನನ್ನ ತಲೆಯಲ್ಲಿವೆ. ತಲೆಯನ್ನು ನಾನು ಡೈರಿಯಷ್ಟು ನಂಬುವುದಿಲ್ಲ. ಆದರೂ ಅವರ ದನಿ ಇಷ್ಟು ಸ್ಪಷ್ಟವಾಗಿ ಕೇಳುವಾಗ ಬರೆಯದೆ ಇರುವುದೂ ಕಷ್ಟ.

ನಾನು ಓದಿದ್ದು ಆಕ್ಯುಪೇಷನಲ್ ಥೆರಪಿ. ಉಣ್ಣುವುದು, ಉಡುವುದು, ಆಡುವುದು, ಬರೆಯುವುದು ಇಂಥ ದಿನದ ಕೆಲಸಗಳು ಕಷ್ಟವಾದ ಮಕ್ಕಳಿಗೆ ಆ ಕೆಲಸಗಳ ಮೂಲಕವೇ ಕೈಕಾಲು ಪಳಗಿಸುವ ವಿದ್ಯೆ. ಮೊದಲ ದಿನ ಹೀಗೆ ವಿವರಿಸಿದಾಗ ಮಗುವಿನ ಅಜ್ಜಿ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿ ಕೇಳಿದರು: "ಕೆಲ್ಸ ಮಾಡ್ಸಿ ವಾಸಿ ಮಾಡೋದಾ? ಅಂಗಾದ್ರೆ ನನ್ ಸೊಸೆ ಈ ಊರ್ಗೇ ಗಟ್ಟಿಗಿತ್ತಿ ಆಗ್ಬೇಕಿತ್ತಲ್ಲವ್ವ!"

ಹಾಲು ಕರೆಯುತ್ತಿದ್ದ ಸೊಸೆ ಕೊಟ್ಟಿಗೆಯಿಂದಲೇ ಉತ್ತರಿಸಿದರು: "ಆಗಿವ್ನಿ ಬುಡತ್ತೆ. ಇಲ್ದಿದ್ರೆ ನಿಮ್ ಜೊತೆ ಏಗಕ್ಕಾಯ್ತಿತ್ತಾ?"

ಮಗುವಿಗೆ ಆರು ತುಂಬಿತ್ತು. ಹುಟ್ಟುವಾಗ ಆದ ತೊಂದರೆಯಿಂದ ಬಲಗೈ, ಬಲಗಾಲು ಬಿಗಿದುಕೊಂಡಿದ್ದವು. ಕಾಲು ಎಳೆಯುತ್ತಲೇ ಓಡುತ್ತಿದ್ದಳು. ಬಲಗೈ ಮಾತ್ರ ಮೊಣಕೈಯಲ್ಲಿ ಮಡಚಿ ಎದೆಗೆ ಅಂಟಿಕೊಂಡಿರುತ್ತಿತ್ತು, ಹೆಬ್ಬೆರಳು ಮುಷ್ಟಿಯೊಳಗೆ. ಎಡಗೈಯಲ್ಲಿ ತಿನ್ನಬಾರದು ಎಂದು ಅಜ್ಜಿಯೇ ಉಣ್ಣಿಸುತ್ತಿದ್ದರು, ತಾವೇ ಬಟ್ಟೆ ಹಾಕುತ್ತಿದ್ದರು.

ಮನೆಯವರಿಗೆ ಬೇಕಿದ್ದುದು ಒಂದೇ. ಜೂನ್ ತಿಂಗಳಲ್ಲಿ ಅವಳು ಒಂದನೇ ತರಗತಿಗೆ ಸೇರಬೇಕು. ಹಿಂದಿನ ವರ್ಷ ಊರಿನ ಹೆಡ್‌ಮೇಷ್ಟ್ರು ಸೇರಿಸಿಕೊಂಡಿರಲಿಲ್ಲ. ಜನನ ಪತ್ರ ಯಾರ ಮನೆಯಲ್ಲೂ ಇಲ್ಲದ ಕಡೆ ವಯಸ್ಸು ತಿಳಿಯಲು ಹಳೆಯ ಕ್ರಮವೊಂದಿತ್ತು. ಮಗು ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಮುಟ್ಟಿದರೆ ವಯಸ್ಸಾಗಿದೆ. ಮುಟ್ಟದಿದ್ದರೆ ಮುಂದಿನ ವರ್ಷ ಬರಬೇಕು.

"ಈ ಸಲ ಓಗ್ಲಿಲ್ಲ ಅಂದ್ರೆ ಇನ್ನೋಗಲ್ಲ ಕಣಕ್ಕ," ಎಂದು ತಾಯಿ ನನಗೆ ಹೇಳಿದ್ದರು. "ಮನೇಲಿರೋದು ಅಭ್ಯಾಸ ಆಗೋಯ್ತದೆ. ಅವ್ಳಿಗೂ, ನಮ್ಗೂ. ಆ ಕೈ ಕಿವಿ ಮುಟ್ಟಂಗೆ ಮಾಡ್ಕೊಟ್ಬುಡಿ, ಸಾಕು."

ನಾನು ಒಪ್ಪಿದೆ. ಒಂದು ಕ್ಷಣವೂ ಯೋಚಿಸದೆ ಒಪ್ಪಿದೆ ಅನ್ನುವುದು ಈಗ ನನ್ನನ್ನು ಕುಟುಕುತ್ತದೆ.

ತಾಯಿಗೆ ಬೆಳಗ್ಗೆ ಹಾಲಿನ ಕ್ಯಾನು ಊರಿನ ಹಾಲು ಸಂಘಕ್ಕೆ ಮುಟ್ಟಿಸಿ, ಆಮೇಲೆ ಗದ್ದೆಗೆ ಹೋಗಬೇಕು. ಬೇರೆಯಾಗಿ ಕೂತು ವ್ಯಾಯಾಮ ಮಾಡಿಸುವ ಪುರಸೊತ್ತು ಅವರಿಗಿರಲಿಲ್ಲ. ಹಾಗಾಗಿ ವ್ಯಾಯಾಮವೆಲ್ಲ ಮನೆಗೆಲಸದೊಳಗೆ ಸೇರಿತು. ಸ್ನಾನವಾದ ಮೇಲೆ ಟವೆಲನ್ನು ತಲೆಗೆ ಅವಳೇ ಎಳೆದುಕೊಳ್ಳಬೇಕು. ಕರುವಿನ ಕತ್ತನ್ನು ಬಲಗೈಯಿಂದ ನೇವರಿಸಬೇಕು. ತೊಲೆಯಿಂದ ದಾರ ಇಳಿಬಿಟ್ಟು ತಾಯಿ ಅದಕ್ಕೊಂದು ಕೋಡುಬಳೆ ಕಟ್ಟಿದರು, ಬಲಗೈಯಲ್ಲಿ ಎಟುಕಿಸಿಕೊಂಡರೆ ಅವಳದು. ಅವಳು ಒಂದು ಸಲ ಕೈಯನ್ನು ನೋಡಿದಳು, ಒಂದು ಸಲ ಕೋಡುಬಳೆಯನ್ನು ನೋಡಿದಳು, ಹಾರಿ ಬಾಯಲ್ಲೇ ಕಚ್ಚಿದಳು.

"ಕೈ ಇಲ್ದಿದ್ರೂ ಬಾಯೈತೆ ನನ್ ಮೊಮ್ಮಗ್ಳಿಗೆ!" ಎಂದು ಅಜ್ಜಿ ಬೀಗಿದರು. ದಾರವನ್ನು ಇನ್ನೊಂದು ಗೇಣು ಮೇಲೆ ಕಟ್ಟಿದೆವು.

ಅಜ್ಜಿಯ ಜೊತೆ ನನಗೆ ಜಗಳವಾದದ್ದು ಊಟದ ವಿಷಯಕ್ಕೆ. ಮುದ್ದೆಯನ್ನು ಮಗುವೇ ಮುರಿದುಕೊಂಡು ತಿನ್ನಲಿ, ಚೆಲ್ಲಿದರೂ ಚಿಂತೆಯಿಲ್ಲ ಅಂದೆ. "ಕೈಯಾಗ್ದಿರೋ ಕೂಸ್ಗೆ ಕೆಲ್ಸ ಅಚ್ತೀಯಲ್ಲವ್ವ, ನಿನ್ ಒಟ್ಟೆ ತಣ್ಣಗಿರ್ಲಿ," ಎಂದು ಎದ್ದುಹೋದವರು ಎರಡು ಗುರುವಾರ ನನ್ನನ್ನು ಮಾತಾಡಿಸಲಿಲ್ಲ. ಮೂರನೆಯ ಗುರುವಾರ ಮಗುವಿನ ಗಲ್ಲ, ಲಂಗ, ನೆಲ ಎಲ್ಲ ಸಾರಾಗಿತ್ತು. ಅಜ್ಜಿ ಗೋಡೆಗೆ ಒರಗಿ, ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.

ಶಾಲೆ ತೆರೆದ ವಾರ ನಾನೂ ಜೊತೆಗೆ ಹೋದೆ. ಡೈರಿಯಲ್ಲಿ ಆ ದಿನಕ್ಕೆ ಮೂರೇ ಮಾತು ಇವೆ: "ತುಂತುರು ಮಳೆ. ಬಸ್ಸು ತಡ. ಸೇರಿದಳು." ಉಳಿದದ್ದಕ್ಕೆ ನೆನಪೇ ಗತಿ.

ಹೆಡ್‌ಮೇಷ್ಟ್ರು ಶಾಲೆಯ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು, ದಾಖಲಾತಿ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮಕ್ಕಳು ಸಾಲಾಗಿ ಬಂದು ಕಿವಿ ಮುಟ್ಟುತ್ತಿದ್ದರು. ಒಬ್ಬ ಹುಡುಗ ತಲೆಯನ್ನು ಪೂರ್ತಿ ವಾಲಿಸಿ ಕಿವಿ ಹಿಡಿದ. "ಲೇ, ಕೈ ಬರ್ಬೇಕು ಕಣ್ಲಾ ಕಿವಿತಾವ್ಕೆ. ಕಿವಿ ಬರೋದಲ್ಲ ಕೈತಾವ್ಕೆ!" ಎಂದು ಮೇಷ್ಟ್ರು ಅವನ ತಲೆಯನ್ನು ನೆಟ್ಟಗೆ ಮಾಡಿದರು.

ನಮ್ಮವಳ ಸರದಿ ಬಂತು. ಬಲಗೈ ಏರಿತು. ಗಲ್ಲ ದಾಟಿತು, ಹಣೆ ದಾಟಿತು, ನೆತ್ತಿಯ ಮೇಲೆ ಹೋಗಿ ನಿಂತಿತು. ಅಲ್ಲಿಯವರೆಗೆ ಅದು ಯಾವತ್ತೂ ಹೋಗಿರಲಿಲ್ಲ. ನಾನು ಇನ್ನೇನು ಚಪ್ಪಾಳೆ ತಟ್ಟುವುದರಲ್ಲಿದ್ದೆ. ಆದರೆ ಎಡಗಿವಿ ಇನ್ನೂ ನಾಲ್ಕು ಬೆರಳು ಕೆಳಗಿತ್ತು.

"ಇನ್ ಚೂರು ಮಗ, ಇನ್ ಚೂರು!" ಅಜ್ಜಿ ಕೆಸರಲ್ಲಿ ಸಿಕ್ಕ ಗಾಡಿ ತಳ್ಳುವವರ ಹಾಗೆ ಕೂಗಿದರು. ಮಗುವಿನ ಬೆರಳು ಮುಂದಕ್ಕೆ ಹೋಗಲಿಲ್ಲ.

ಮೇಷ್ಟ್ರ ಮುಖದಲ್ಲಿ ನಿಜವಾದ ಬೇಜಾರಿತ್ತು. "ಆಗಲ್ಲ ಬುಡವ್ವ. ಓದ್ಸಲಕ್ಕಿಂತ ಕೈ ಎಷ್ಟೋ ವಾಸಿ. ಮುಂದಿನ್ ವರ್ಸ ಗ್ಯಾರಂಟಿ."

ಆಗ ಅವಳು ಬಲಗೈ ಇಳಿಸಿದಳು. ಎಡಗೈ ಎತ್ತಿ, ತಲೆಯ ಮೇಲಿಂದ ಹಾಯಿಸಿ, ಬಲಗಿವಿಯನ್ನು ಗಬಕ್ಕನೆ ಹಿಡಿದುಕೊಂಡಳು. ಕಿವಿ ಕೆಂಪಾಗುವಷ್ಟು ಗಟ್ಟಿಯಾಗಿ.

"ಈ ಕಿವಿ ಆಗಕ್ಕಿಲ್ವಾ ಸಾ?"

"ಮೇಷ್ಟ್ರು ಮುಂದೆ ಎಡಗೈ ತೋರುಸ್ತೀಯಾ? ಇಳ್ಸೇ!" ಎಂದು ಅಜ್ಜಿ ಗದರಿದರು. ತಾಯಿ ಅವರ ತೋಳು ಹಿಡಿದರು. "ಸುಮ್ಕಿರತ್ತೆ ಒಂದ್ ಗಳಿಗೆ." ಆಮೇಲೆ ಮೇಷ್ಟ್ರ ಕಡೆ ತಿರುಗಿ, "ಸಾ, ಎಡಗೈಗೊಂದ್ ವಯಸ್ಸು, ಬಲಗೈಗೊಂದ್ ವಯಸ್ಸು ಇರ್ತದಾ?" ಅಂದರು.

ಮೇಷ್ಟ್ರು ಪೆನ್ನು ಕಿಸೆಗೆ ಸಿಕ್ಕಿಸಿದರು. ತಮ್ಮ ಬಲಗೈಯಿಂದ ಎಡಗಿವಿ ಮುಟ್ಟಿ ನೋಡಿಕೊಂಡರು. ಎಡಗೈಯಿಂದ ಬಲಗಿವಿ ಮುಟ್ಟಿ ನೋಡಿಕೊಂಡರು. ಸಾಲಿನಲ್ಲಿದ್ದ ಮಕ್ಕಳೆಲ್ಲ ಹಾಗೇ ಮಾಡತೊಡಗಿದರು. "ಇಷ್ಟ್ ವರ್ಸದಿಂದ ಮುಟ್ಟಿಸ್ತಾವ್ನಿ, ಇದ್ ನಂಗೆ ಒಳೀಲೇ ಇಲ್ವಲ್ಲ," ಎಂದು ಜೋರಾಗಿ ನಕ್ಕು, ಮತ್ತೆ ಪೆನ್ನು ತೆಗೆದು ಅವಳ ಹೆಸರು ಬರೆದುಕೊಂಡರು.

ನನಗೂ ಹೊಳೆದಿರಲಿಲ್ಲ. ಮೇಷ್ಟ್ರಿಗಾದರೂ ಒಂದು ನೆಪವಿದೆ. ನಾನು ಕೈಗಳ ಬಗ್ಗೆಯೇ ವರ್ಷಗಟ್ಟಲೆ ಓದಿ ಬಂದವಳು. ಅಷ್ಟೂ ಗುರುವಾರಗಳಲ್ಲಿ ಅವಳ ಎಡಗೈ ಬಗ್ಗೆ ನಾನು ಬರೆದದ್ದು ಎರಡೇ ಪದ: "ತೊಂದರೆ ಇಲ್ಲ." ಶುಭಕ್ಕೆ ಬಲಗೈ, ಕೊಡಲು ಬಲಗೈ, ಉಣ್ಣಲು ಬಲಗೈ ಎಂದು ನಮ್ಮ ಮನೆಯಲ್ಲೂ ಹೇಳಿಯೇ ಬೆಳೆಸಿದ್ದರು. ಕಾಲೇಜು ಅದನ್ನು ಅಳಿಸಿರಲಿಲ್ಲ, ಅದರ ಮೇಲೆ ಇಂಗ್ಲಿಷ್ ಬಳಿದಿತ್ತು ಅಷ್ಟೆ. ಬಲಗೈಗೆ ಪಟ್ಟ ಶ್ರಮ ದಂಡವಾಯಿತು ಅನ್ನಲಾರೆ, ಎಡಗೈ ಬರೆಯುವಾಗ ಸ್ಲೇಟು ಜಾರದಂತೆ ಒತ್ತಿ ಹಿಡಿಯಲು ಅದು ಕಲಿತಿತ್ತು. ಆದರೆ ಶಾಲೆಯ ಬಾಗಿಲು ತೆರೆಯಲು ಅದನ್ನೇ ಕಾಯಬೇಕಿರಲಿಲ್ಲ.

ಈ ಉಪಾಯ ಯಾರದು ಎಂಬುದು ಇವತ್ತಿಗೂ ತೀರ್ಮಾನವಾಗಿಲ್ಲ. ಕೊಟ್ಟಿಗೆಯಲ್ಲಿ ಅವಳೇ ಎರಡೂ ಕೈಯಲ್ಲಿ ಮುಟ್ಟಿ ನೋಡುತ್ತಿದ್ದಳು ಎಂದು ತಾಯಿ ಹೇಳಿದರು. ಹೇಳಿಕೊಟ್ಟದ್ದೇ ತಾನು ಎಂದು ಅಜ್ಜಿ ಊರೆಲ್ಲ ಹೇಳಿಕೊಂಡು ಬಂದರು, ಗದರಿದ್ದು ಅವರೇ ಎಂಬುದನ್ನು ಮರೆತು. ಕೆಲವು ಸಲ ನನ್ನ ನೆನಪೂ ಒಂದು ಕಣ್ಸನ್ನೆಯನ್ನು ತಂದು ನನ್ನ ಮುಖಕ್ಕೆ ಅಂಟಿಸುತ್ತದೆ. ಆ ಕಣ್ಸನ್ನೆ ನಾನು ಮಾಡಿರಲಿಲ್ಲ. ಮಾಡಿದ್ದರೆ ಡೈರಿಯಲ್ಲಿ ಅರ್ಧ ಪುಟ ಬರೆದುಕೊಂಡು ಮೆರೆಯುತ್ತಿದ್ದೆ.

ಮುಂದಿನ ಗುರುವಾರ ಹೋದಾಗ ಮನೆಗೆ ಬೀಗ. ಶಾಲೆಯ ಹತ್ತಿರ ಹೋದೆ. ಅಜ್ಜಿ ಜಗಲಿಯ ತುದಿಯಲ್ಲಿ ಕಂಬಕ್ಕೆ ಒರಗಿ ಕೂತಿದ್ದರು. ಮೇಷ್ಟ್ರು ಹೊರಗೆ ಬಂದು ದನಿ ತಗ್ಗಿಸಿದರು. "ಮಗು ಪರವಾಗಿಲ್ಲ ಮೇಡಂ. ಅಜ್ಜಿಗೆ ಏನಾದ್ರೂ ಎಕ್ಸರ್‌ಸೈಜ್ ಹೇಳ್ಕೊಡಿ. ದಿನಾ ಬಂದ್ ಕೂತ್ಬುಡ್ತಾರೆ."

ನಾನು ಅವರನ್ನು ಎಬ್ಬಿಸಿಕೊಂಡು ಹೊರಟೆ. ನಾಲೆಯ ಏರಿಯ ಮೇಲೆ ನಡೆಯುತ್ತ ಅಜ್ಜಿ, "ಅಳ್ತಾಳೇನೋ ಅಂತ ಕಾಯ್ತಿದ್ದೆ," ಅಂದರು. "ಒಂದ್ ಸಲವಾದ್ರೂ ತಿರುಗಿ ನೋಡ್ಲಿಲ್ಲ ಕಣವ್ವ."

"ಕೋಪ ಬಂತಾ ಅಜ್ಜಿ?"

"ಕ್ವಾಪ ಯಾಕವ್ವ? ಬಿರ್‍ನೆ ನಡಿ, ಎಸ್ರು ಇಡ್ಬೇಕು. ಮಧ್ಯಾನ್ಕೆ ಅಸ್ಕೊಂಡ್ ಬತ್ತಾಳೆ, ಇಸ್ಕೂಲಿಂದ."