ಹೊಸ ಲ್ಯಾಪ್‌ಟಾಪಿನ ಜ್ವರ

ಹೊಸ ಲ್ಯಾಪ್‌ಟಾಪ್ ಮನೆಗೆ ಬಂದ ಎರಡನೆಯ ದಿನವೇ ಅದರ ಗ್ರಾಫಿಕ್ಸ್ ಕಾರ್ಡ್ ತೊಂಬತ್ತಮೂರು ಡಿಗ್ರಿ ಮುಟ್ಟಿತು. ಪರದೆಯ ಮೂಲೆಯಲ್ಲಿ ಆ ಸಂಖ್ಯೆ ಕೆಂಪಗೆ ಕೂತಿತ್ತು. ಅರ್ಧ ಗಂಟೆ ಒದ್ದಾಡಿದ ಯಂತ್ರ ಆಮೇಲೆ ತಾನಾಗಿಯೇ ಆರಿಹೋಯಿತು.

ಅದು ಗೇಮ್ ಆಡುವ ಹುಡುಗರಿಗೆಂದು ಮಾಡಿದ ಲ್ಯಾಪ್‌ಟಾಪ್. ಐವತ್ತೊಂದು ವರ್ಷದ ನಾನು ಅದನ್ನು ಕೊಂಡದ್ದು ಆಟಕ್ಕಲ್ಲ, ಹೊಟ್ಟೆಪಾಡಿಗೆ. ಕಟ್ಟಡಗಳ ನಕ್ಷೆ ಬರೆಯುವುದು ನನ್ನ ಕಸುಬು. ಮುಂಬಯಿ ಪಕ್ಕದ ಠಾಣೆ ಊರಿನ ಒಂದು ಆಫೀಸಿನಲ್ಲಿ ಇಪ್ಪತ್ತೆರಡು ವರ್ಷ ಬರೆದ ಮೇಲೆ, ಒಂದು ದಿನ ಕರೆದು, ನಿಮ್ಮ ಕೆಲಸವನ್ನು ಈಗ ಬೇರೆ ರೀತಿಯಲ್ಲಿ ಮಾಡಿಸುತ್ತೇವೆ ಎಂದರು. ಹತ್ತು ತಿಂಗಳು ಮನೆಯಲ್ಲಿ ಕೂತೆ. ಕೊನೆಗೆ ನವಿ ಮುಂಬಯಿಯ ಇನ್ನೊಂದು ಆಫೀಸಿನವರು ಪರೀಕ್ಷೆಗೆಂದು ಒಂದು ಕೆಲಸ ಕೊಟ್ಟರು: ಇನ್ನೂ ಕಟ್ಟದ ಫ್ಲ್ಯಾಟಿನೊಳಗೆ ನಾವೇ ನಡೆದಾಡಿದಂತೆ ಕಾಣುವ ಒಂದು ನಿಮಿಷದ ಚಿತ್ರ. ಹನ್ನೆರಡು ದಿನದಲ್ಲಿ ಕೊಟ್ಟರೆ ಕೆಲಸ ನಿನಗೆ, ಇಲ್ಲದಿದ್ದರೆ ಇಲ್ಲ. ನನ್ನ ವಯಸ್ಸಿನವನನ್ನು ಎರಡನೆಯ ಸಲ ಕರೆಯುವವರು ಯಾರೂ ಇಲ್ಲವೆಂದು ನನಗೆ ಗೊತ್ತಿತ್ತು.

ಒಂದು ನಿಮಿಷದ ಚಿತ್ರವೆಂದರೆ ಸಾವಿರದ ಎಂಟುನೂರು ಫ್ರೇಮು. ಒಂದೊಂದನ್ನೂ ಯಂತ್ರವೇ ಲೆಕ್ಕ ಹಾಕಿ ತೆಗೆಯಬೇಕು. ಬಿಸಿ ಏರಿದರೆ ಅದು ನಿಧಾನವಾಗುತ್ತದೆ, ಇನ್ನೂ ಏರಿದರೆ ನಿಲ್ಲುತ್ತದೆ. ನನ್ನದು ಎರಡನ್ನೂ ಮಾಡುತ್ತಿತ್ತು.

ಆಮೇಲೆ ನಾನು ಮಾಡದ ಚಿಕಿತ್ಸೆಯಿಲ್ಲ. ಇಂಟರ್‌ನೆಟ್ಟಿನಲ್ಲಿ ಓದಿ ಓದಿ ಕಣ್ಣು ಉರಿದವು. ಒಬ್ಬ ಫ್ಯಾನ್ ಹೆಚ್ಚಿಸು ಅಂದ. ಹೆಚ್ಚಿಸಿದರೆ ಮನೆಯೊಳಗೆ ಮಿಕ್ಸಿ ತಿರುಗಿದ ಹಾಗೆ ಸದ್ದು, ಬಿಸಿ ಮಾತ್ರ ಅಷ್ಟೇ. ಇನ್ನೊಬ್ಬ ವೇಗ ಕಡಿಮೆ ಮಾಡು ಅಂದ; ಮಾಡಿದರೆ ಹನ್ನೆರಡು ದಿನದ ಕೆಲಸ ಇಪ್ಪತ್ತಕ್ಕೆ ಹೋಗುತ್ತಿತ್ತು. ಮೂರನೆಯವ, ಬಿಸಿ ಹೊರಗೆ ಹೋಗಲೆಂದು ಒಳಗೆ ಹಚ್ಚಿದ ಪೇಸ್ಟ್ ಒಣಗಿದೆ ಎಂದ. ಎರಡು ದಿನದ ಯಂತ್ರದಲ್ಲಿ ಒಣಗುವುದೇನು, ಇವನ ತಲೆ. ಅಮ್ಮ ಅಡುಗೆಮನೆಯಿಂದ ಎರಡು ಸ್ಟೀಲ್ ಮುಚ್ಚಳ ತಂದು ಲ್ಯಾಪ್‌ಟಾಪಿನ ಅಡಿಗಿಟ್ಟಳು. ಎರಡು ಡಿಗ್ರಿ ಇಳಿಯಿತು. ಅಷ್ಟೂ ತಜ್ಞರಿಂದ ಆಗದ್ದು ಅವಳಿಂದ ಆಯಿತು.

"ಅದಕ್ಕೆ ಸೆಕೆ ಆಗ್ತದೆ ಮಗಾ, ನನಗೆ ಆಗುವ ಹಾಗೇ" ಎಂದಳು ಅಮ್ಮ.

"ನಿನಗೆ ಎಲ್ಲದಕ್ಕೂ ಸೆಕೆಯೇ" ಎಂದು ನಾನು ರೇಗಿದೆ. ರೇಗಿ, ಅವಳ ಮಂಚದ ಪಕ್ಕದಲ್ಲಿದ್ದ ಟೇಬಲ್ ಫ್ಯಾನನ್ನು ಎತ್ತಿ ತಂದು ಲ್ಯಾಪ್‌ಟಾಪಿನ ಕಡೆ ತಿರುಗಿಸಿದೆ. ಅವಳು ಸೆರಗಿನ ತುದಿಯಿಂದ ಗಾಳಿ ಬೀಸಿಕೊಂಡಳು.

ನಮ್ಮ ಮನೆಯಲ್ಲಿ ಸೆಕೆಯ ಮಾತು ಆಡುವಂತಿರಲಿಲ್ಲ. ಉಡುಪಿ ಕಡೆಯಿಂದ ಬಂದ ಅಪ್ಪ ಠಾಣೆ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಮೂವತ್ತೈದು ವರ್ಷ ದೋಸೆ ಕಾವಲಿಯ ಮುಂದೆ ನಿಂತವರು. ನಾವು ಮಕ್ಕಳು ಸೆಕೆ ಎಂದರೆ, "ಒಂದು ದಿನ ನನ್ನ ಕಾವಲಿ ಮುಂದೆ ಬಂದು ನಿಲ್ಲಿ, ಮತ್ತೆ ಹೇಳಿ" ಎನ್ನುತ್ತಿದ್ದರು. ಡೊಂಬಿವಿಲಿಯ ಈ ಹಳೆಯ ಕಟ್ಟಡದ ಐದನೆಯ ಮಾಳಿಗೆಯನ್ನು ಅವರು ಕೊಂಡದ್ದೂ ಹಾಗೆಯೇ. ತಲೆಯ ಮೇಲೆ ನೇರ ಟೆರೇಸು, ಅದಕ್ಕೇ ಅಗ್ಗ. ಅಪ್ಪ ತೀರಿಕೊಂಡ ಮೇಲೂ ಆ ಕಟ್ಟಳೆ ಉಳಿಯಿತು. ಎ.ಸಿ. ಹಾಕಿಸುವ ಯೋಚನೆ ನಮಗೆ ಬರಲೇ ಇಲ್ಲ. ಬೆಂಕಿಯ ಮುಂದೆ ನಿಂತವರ ಮಕ್ಕಳು ನಾವು ಎಂಬ ಜಂಬ ನನಗೂ ಇತ್ತು. ಅಮ್ಮ ಮಾತ್ರ ಎಪ್ಪತ್ತೈದು ದಾಟಿದ ಮೇಲೆ ಆ ಕಟ್ಟಳೆ ಮುರಿದಿದ್ದಳು.

ಐದನೆಯ ದಿನ ಲ್ಯಾಪ್‌ಟಾಪನ್ನು ಠಾಣೆಯ ಸರ್ವಿಸ್ ಸೆಂಟರಿಗೆ ಒಯ್ದೆ. ಯಂತ್ರದಲ್ಲಿ ದೋಷವಿದ್ದರೆ ವಾರದೊಳಗೆ ಬದಲಿಸಿ ಕೊಡುತ್ತಾರೆ. ದೋಷವಿರಲಿ ದೇವರೇ ಎಂದು ಬೇಡಿಕೊಂಡೆ. ಅಲ್ಲಿಯ ಮೆಕ್ಯಾನಿಕ್ ನನ್ನೆದುರೇ ಎರಡು ಗಂಟೆ ಅದನ್ನು ಪೂರ್ತಿ ಭಾರ ಹಾಕಿ ಓಡಿಸಿದ. ಎಪ್ಪತ್ತೈದು. ಅದರ ಮೇಲೆ ಏರಲೇ ಇಲ್ಲ.

"ಅಂಕಲ್, ಮಶೀನ್ ಏಕ್ದಮ್ ಠೀಕ್ ಹೈ" ಎಂದು ಹಾಗೇ ಬರೆದುಕೊಟ್ಟ.

ಲೋಕಲ್ ಟ್ರೇನಿನಲ್ಲಿ ಬ್ಯಾಗನ್ನು ಎದೆಗೆ ಅವಚಿಕೊಂಡು ನಿಂತೆ. ಮುಂಬ್ರಾದಲ್ಲಿ ಹತ್ತಿದ ಜನ ನನ್ನನ್ನು ಬಾಗಿಲ ಬಳಿಯಿಂದ ಒಳಗೆ ನೂಕಿದರು. ಅಳು ಬರುತ್ತಿತ್ತು. ಆ ಇಕ್ಕಟ್ಟಿನಲ್ಲಿ ಕಣ್ಣೊರೆಸಿಕೊಳ್ಳಲು ಕೈ ಎತ್ತುವುದಕ್ಕೂ ಜಾಗವಿರಲಿಲ್ಲ. ಮನೆಗೆ ಬಂದು ಯಂತ್ರ ಹಚ್ಚಿದೆ. ಅರ್ಧ ಗಂಟೆಗೆ ತೊಂಬತ್ತೆರಡು.

ಮೆಕ್ಯಾನಿಕ್‌ಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಅವನು ಪೂರ್ತಿ ಕೇಳಿಸಿಕೊಂಡು, ನಿಮ್ಮ ಕೋಣೆಯ ಬಿಸಿ ಎಷ್ಟಿದೆ ಎಂದು ಹಿಂದಿಯಲ್ಲಿ ಕೇಳಿದ. ನಾರ್ಮಲ್ ಎಂದೆ. "ನಾಪ್ ಕೇ ದೇಖಿಯೇ ಅಂಕಲ್", ಅಳೆದು ನೋಡಿ, ಎಂದು ಫೋನಿಟ್ಟ.

ಗೋಡೆಗೆ ತೂಗುಹಾಕುವ ಒಂದು ಥರ್ಮಾಮೀಟರ್ ತಂದೆ. ಮಧ್ಯಾಹ್ನ ಮೂರಕ್ಕೆ ಅದು ನಲವತ್ತೊಂದು ತೋರಿಸಿತು. ಟೆರೇಸಿಗೆ ಹತ್ತಿ ಸ್ಲ್ಯಾಬಿಗೆ ಕೈ ಒತ್ತಿ ನೋಡಿದೆ, ಕೈ ನಿಲ್ಲಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಲ್ಯಾಪ್‌ಟಾಪಿಗೆ ಯಾವ ಕಾಯಿಲೆಯೂ ಇರಲಿಲ್ಲ. ಅದು ನಮ್ಮ ಮನೆಯಲ್ಲಿತ್ತು, ಅಷ್ಟೇ.

ಆ ಹೊತ್ತಿಗೆ ಉಳಿದದ್ದು ಆರು ದಿನ. ಎ.ಸಿ. ಹಾಕಿಸಬೇಕೆಂದರೆ ಮನೆಯ ಹಳೆಯ ವೈರೆಲ್ಲ ಕಿತ್ತು ಹೊಸತು ಎಳೆಯಬೇಕು ಎಂದ ಎಲೆಕ್ಟ್ರಿಷಿಯನ್. ನನ್ನೊಡನೆ ಕನ್ನಡ ಶಾಲೆಯಲ್ಲಿ ಓದಿದ ಗೆಳೆಯನೊಬ್ಬ ಪಕ್ಕದ ಠಾಕುರ್ಲಿಯಲ್ಲಿದ್ದಾನೆ. ವಿಜಾಪುರದ ಕಡೆಯವನು. ಕೆಳ ಅಂತಸ್ತಿನ ಮನೆ, ಎದುರಿಗೆ ಬೇವಿನ ಮರ, ಹಗಲು ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ನಾಚಿಕೆ ಬಿಟ್ಟು ಕೇಳಿದೆ.

"ಅದರಾಗೇನೈತಿ? ಕೀಲಿ ಬಾಜೂ ಮನ್ಯಾಗ ಇಟ್ಟಿರ್ತೀನಿ, ಬಂದು ಕೂಡು" ಎಂದ.

ಅಲ್ಲಿ ಯಂತ್ರದ ಬಿಸಿ ಎಪ್ಪತ್ತೆಂಟು. ಫ್ರೇಮುಗಳು ಒಂದರ ಹಿಂದೊಂದು ಇಳಿಯತೊಡಗಿದವು. ದಿನಾ ಬೆಳಿಗ್ಗೆ ನನ್ನ ಹೆಂಡತಿ ಕಲ್ಯಾಣದ ಶಾಲೆಯ ಆಫೀಸಿಗೆ ಹೊರಟ ಮೇಲೆ ನಾನು ಠಾಕುರ್ಲಿಗೆ ಹೊರಡುತ್ತಿದ್ದೆ. ಟ್ರೇನಿನಲ್ಲಿ ಲ್ಯಾಪ್‌ಟಾಪಿಗೆ ಪೆಟ್ಟಾದೀತೆಂದು ರಿಕ್ಷಾದಲ್ಲಿ ಹೋಗುತ್ತಿದ್ದೆ. ಅಮ್ಮ ಒಬ್ಬಳೇ ಮನೆಯಲ್ಲಿರುತ್ತಿದ್ದಳು.

ಹಾಗೆ ಹೋಗತೊಡಗಿದ ಮೂರನೆಯ ದಿನ ಚಪ್ಪಲಿ ಹಾಕುವಾಗ ಅವಳು ಕೇಳಿದಳು: "ರಿಕ್ಷಾದಲ್ಲಿ ಹೋಗ್ತಿಯಲ್ಲ, ನಾನೂ ಬರ್ಲಾ? ಸುಮ್ಮನೆ ಒಂದು ಕಡೆ ಕೂತ್ಕೊಳ್ತೇನೆ."

"ಇನ್ನೊಬ್ಬರ ಮನೆ ಅಮ್ಮಾ, ಚೆನ್ನಾಗಿರೂದಿಲ್ಲ" ಎಂದು ಹೊರಟೆ. ನಾನೇ ಅಲ್ಲಿ ಇನ್ನೊಬ್ಬರ ಸೋಫಾದಲ್ಲಿ ಕಾಲು ಚಾಚಿ ಕೂರುತ್ತಿದ್ದೆ.

ಐದನೆಯ ಸಂಜೆ ಬಂದು ಬೀಗ ತೆಗೆದರೆ ಮಂಚದಲ್ಲಿ ಅಮ್ಮನಿಲ್ಲ. ಅಡುಗೆಮನೆಯಲ್ಲಿ ಇಲ್ಲ. ಬಚ್ಚಲಿನಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ, ತಲೆಗೆ ಒದ್ದೆ ಬೈರಾಸು ಹಾಕಿಕೊಂಡು, ಗೋಡೆಗೆ ಒರಗಿ ಕೂತಿದ್ದಳು. ಸೀರೆಯ ಅಂಚು ನೀರಿನಲ್ಲಿತ್ತು.

"ಇಲ್ಲಿ ಸ್ವಲ್ಪ ತಂಪು" ಎಂದಳು. "ಎಷ್ಟು ದಿನದಿಂದ ಹೀಗೆ?" ಎಂದೆ. "ನೀನು ಅದನ್ನು ಹಿಡ್ಕೊಂಡು ಹೋಗ್ಲಿಕ್ಕೆ ಶುರು ಮಾಡಿದ ಮೇಲೆ ನನಗೆ ಫ್ಯಾನ್ ವಾಪಸ್ ಸಿಕ್ಕಿತು. ಆದ್ರೆ ಮಧ್ಯಾಹ್ನಕ್ಕೆ ಅದೂ ಬಿಸಿ ಗಾಳಿ."

ಹತ್ತು ದಿನ ನಾನು ಗಂಟೆಗೊಮ್ಮೆ ಒಂದು ಯಂತ್ರದ ಬಿಸಿ ನೋಡಿದ್ದೆ. ಅದೇ ಮನೆಯಲ್ಲಿದ್ದ ಇವಳ ಹಣೆ ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ. ನನ್ನ ಮೇಲೆ ನನಗೇ ಅಸಹ್ಯ ಬಂತು. ರಟ್ಟೆ ಹಿಡಿದು ಎಬ್ಬಿಸುವಾಗ ಅವಳ ತೂಕವೇ ಕೈಗೆ ಸಿಗಲಿಲ್ಲ.

ಕೊನೆಯ ದಿನ ಅವಳನ್ನು ಕರೆದುಕೊಂಡು ಹೋದೆ. ಗೆಳೆಯನ ಮನೆಯ ಹಾಲ್‌ನಲ್ಲಿ ಚಾಪೆ ಹಾಸುವುದರೊಳಗೆ ಅವಳು ಬರೀ ನೆಲಕ್ಕೆ ಒರಗಿ, ಅಂಗೈಯಿಂದ ಟೈಲ್ಸನ್ನು ಸವರಿ, ನಿದ್ದೆ ಹೋದಳು. ಎಷ್ಟು ನಿಶ್ಚಲವಾಗಿ ಮಲಗಿದ್ದಳೆಂದರೆ ನಾನು ಎರಡು ಸಲ ಹೋಗಿ ಮೂಗಿನ ಹತ್ತಿರ ಬೆರಳು ಹಿಡಿದೆ. ಊಟಕ್ಕೆ ಎಬ್ಬಿಸಿದರೆ ಏಳಲಿಲ್ಲ. ನಾಲ್ಕಕ್ಕೆ ಕೊನೆಯ ಫ್ರೇಮು ಮುಗಿದು, ಐದಕ್ಕೆ ಚಿತ್ರವನ್ನು ಕಳಿಸಿದೆ. ತಲುಪಿತು, ಚೆನ್ನಾಗಿದೆ, ಸೋಮವಾರ ಬಂದು ಕಾಣಿ ಎಂದು ಉತ್ತರ ಬಂತು. ಹತ್ತು ತಿಂಗಳಿನಿಂದ ಕಾದ ಮಾತು ಅದು. ಕುಣಿಯಬೇಕಿತ್ತು, ಅಮ್ಮ ಮಲಗಿದ್ದನ್ನು ನೋಡುತ್ತ ಕೂತೆ.

ಆರು ಗಂಟೆಗೆ ಅಮ್ಮ ಎದ್ದಳು. ನಾನು ವೈರುಗಳನ್ನು ಸುತ್ತಿ ಬ್ಯಾಗಿಗೆ ತುಂಬುತ್ತಿದ್ದೆ.

"ನಿನ್ನ ಕೆಲಸ ಮುಗೀತಾ ಮಗಾ?"

"ಮುಗೀತು ಅಮ್ಮಾ. ಕೆಲಸ ಸಿಕ್ಕಿದ ಹಾಗೇ. ಕೀಲಿ ಕೊಟ್ಟು ಹೋಗೂದು."

ಅವಳು ಸೆರಗು ಸರಿಮಾಡಿಕೊಂಡಳು, ಬಿಚ್ಚಿದ ಜಡೆಯನ್ನು ಗಂಟು ಹಾಕಿಕೊಂಡಳು. ಸುಳ್ಳು ಹೇಳಿದ್ದಕ್ಕೆ ಚಿಕ್ಕಂದಿನಲ್ಲಿ ನನಗೆ ಬರೆ ಹಾಕಿದವಳು ಇವಳು. ನೆಲದಿಂದ ಏಳದೆಯೇ ಹೇಳಿದಳು:

"ಇನ್ನೂ ಒಂದೆರಡು ದಿನದ ಕೆಲಸ ಉಂಟು ಅಂತ ಹೇಳು ನಿನ್ನ ಗೆಳೆಯನಿಗೆ."